ಪಂಪ್ ಕೊಡುವ ಮುಂಚೆ ಪಕ್ಕದಲ್ಲಿ ನಿಲ್ಲೋರನ್ನು ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಆಸ್ಪತ್ರೆಗೊಂದು ಎಕ್ಮೋ ಯಂತ್ರ (ಹೃದಯ, ಶ್ವಾಸಕೋಶದ ಕೆಲಸವನ್ನು ದೇಹದ ಹೊರಗಿನಿಂದ ಮಾಡುವ ಪಂಪ್) ಬೇಕು ಎನ್ನುವ ಬೇಡಿಕೆ ನಿಮ್ಮ ಟೇಬಲ್ಲಿಗೆ ಬಂದೇ ಬರುತ್ತದೆ. ಸಹಿ ಹಾಕುವ ಮುಂಚೆ ಐಸಿಯು ನರ್ಸ್ ಒಬ್ಬಳ ಮಾತನ್ನೂ ಕೇಳಿ.

ಹೃದಯಾಘಾತದ ಹೊಡೆತಕ್ಕೆ ಹೃದಯ ಪೂರ್ತಿ ಸೋತರೆ ಬಿಪಿ ಬೀಳುತ್ತದೆ, ಮೂತ್ರ ನಿಲ್ಲುತ್ತದೆ, ಕೈಕಾಲು ತಣ್ಣಗಾಗುತ್ತವೆ. ಕಾರ್ಡಿಯೋಜೆನಿಕ್ ಶಾಕ್ ಅಂದರೆ ಇದೇ. ಮುಚ್ಚಿದ ರಕ್ತನಾಳ ಬೇಗ ತೆರೆದರೂ ಹೆಚ್ಚುಕಡಿಮೆ ಅರ್ಧ ಜನ ಉಳಿಯುವುದಿಲ್ಲ. ಪಂಪ್ ಹಾಕಿಯಾದರೂ ಉಳಿಸೋಣ ಅನ್ನಿಸುವುದು ಸಹಜ ಅಲ್ವಾ?

ಆದರೆ ಲೆಕ್ಕ ಬೇರೆ ಹೇಳುತ್ತದೆ. ದಶಕಗಳಿಂದ ಹಾಕುತ್ತಿದ್ದ ಬಲೂನ್ ಪಂಪನ್ನು (ರಕ್ತನಾಳದೊಳಗೆ ಉಬ್ಬಿ ಕುಗ್ಗಿ ಹೃದಯಕ್ಕೆ ನೆರವಾಗುವ ಬಲೂನ್) 600 ರೋಗಿಗಳಲ್ಲಿ ಪರೀಕ್ಷಿಸಿದರು, 2012ರಲ್ಲಿ ಫಲಿತಾಂಶ ಬಂತು: 30 ದಿನದೊಳಗಿನ ಸಾವು ಕಡಿಮೆಯಾಗಲಿಲ್ಲ. 2023ರಲ್ಲಿ ಎಕ್ಮೋ ಸರದಿ. 30 ದಿನದೊಳಗೆ ಹಾಕಿದವರಲ್ಲಿ ನೂರಕ್ಕೆ 48, ಹಾಕದವರಲ್ಲಿ 49 ಸಾವು. ರಕ್ತಸ್ರಾವ ಮತ್ತು ಕಾಲಿನ ತೊಂದರೆ ಮಾತ್ರ ಜಾಸ್ತಿ. 2024ರಲ್ಲಿ ಹೃದಯದೊಳಗೇ ಕೂರಿಸುವ ಇಂಪೆಲ್ಲಾ ಎಂಬ ಸಣ್ಣ ಪಂಪ್ ಗೆದ್ದಿತು, 180 ದಿನದೊಳಗಿನ ಸಾವು ಶೇ. 58.5ರಿಂದ 45.8ಕ್ಕೆ ಇಳಿಯಿತು. ಅದೂ ಆರಿಸಿದ ರೋಗಿಗಳಲ್ಲಿ. ಕೋಮಾದಲ್ಲಿದ್ದವರನ್ನು ಸೇರಿಸಿಕೊಂಡಿರಲಿಲ್ಲ, ಡಯಾಲಿಸಿಸ್ ಬೇಕಾದವರೂ ಪಂಪ್ ಹಾಕಿದವರಲ್ಲೇ ಜಾಸ್ತಿ. ಅಂದರೆ ಯಾರಿಗೆ, ಯಾವಾಗ ಹಾಕಬೇಕು ಎಂದು ತೀರ್ಮಾನಿಸುವ ತಂಡವಿಲ್ಲದಿದ್ದರೆ ಯಂತ್ರ ಸುಮ್ನೆ ಇದ್ದಂತೆ.

ಹಾಸಿಗೆ ಪಕ್ಕದ ಕೆಲಸ ಹೇಗಿರುತ್ತದೆ ಗೊತ್ತಾ? ತೊಡೆಯ ರಕ್ತನಾಳದಲ್ಲಿ ದಪ್ಪ ಟ್ಯೂಬ್ ಇರುತ್ತದೆ, ಆ ಕಾಲಿಗೆ ರಕ್ತ ಸಾಲದೆ ಬೆರಳು ನೀಲಿಯಾಗಬಹುದು, ಅದಕ್ಕೇ ಪಾದ ಮುಟ್ಟಿ, ಡಾಪ್ಲರ್ (ರಕ್ತ ಹರಿಯುವ ಸದ್ದು ಕೇಳಿಸುವ ಸಾಧನ) ಇಟ್ಟು ಮತ್ತೆ ಮತ್ತೆ ನೋಡುತ್ತೇವೆ. ಟ್ಯೂಬಿನಲ್ಲಿ ಹೆಪ್ಪುಗಟ್ಟಬಾರದೆಂದು ಹೆಪಾರಿನ್ ಕೊಟ್ಟರೆ ಇನ್ನೆಲ್ಲೋ ರಕ್ತ ಸೋರುತ್ತದೆ. ಇನ್ನೊಂದು ವಿಷಯ ಕಣ್ತಪ್ಪುವುದು ತುಂಬ ಸುಲಭ. ಎಕ್ಮೋ ರಕ್ತವನ್ನು ಮಹಾಪಧಮನಿಯೊಳಗೆ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಹಿಮ್ಮುಖವಾಗಿ ನೂಕುತ್ತದೆ, ಸೋತ ಹೃದಯ ಅದರ ಎದುರು ರಕ್ತ ಹೊರಹಾಕಬೇಕು. ಆಗದಿದ್ದರೆ ಹೃದಯದ ಕವಾಟ ತೆರೆಯುವುದಿಲ್ಲ, ರಕ್ತ ಒಳಗೇ ನಿಂತು ಹೆಪ್ಪುಗಟ್ಟಬಹುದು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆಗಲೂ ಮಾನಿಟರಿನಲ್ಲಿ ಸರಾಸರಿ ಬಿಪಿ 65, ಅಂದರೆ ಸರಿಯಾಗಿದೆ ಅಂತಲೇ ಕಾಣಬಹುದು! ಬಿಪಿಯ ಅಲೆ ಚಪ್ಪಟೆಯಾಗಿದೆ, ಅಂದರೆ ಹೃದಯ ರಕ್ತ ಹೊರಹಾಕುತ್ತಿಲ್ಲ ಎಂದು ರಾತ್ರಿ ಮೂರು ಗಂಟೆಗೆ ಯಾರಾದರೂ ಗಮನಿಸಬೇಕು. ಹಲವು ರೋಗಿಗಳನ್ನು ಹೊತ್ತ ನರ್ಸ್‌ಗೆ ಅದು ಸಾಧ್ಯವಿಲ್ಲ.

ಹಾಗಾಗಿ ಎಲ್ಲ ಕಡೆ ಯಂತ್ರ ಹಂಚಬೇಡಿ. ಕೆಲವೇ ಕೇಂದ್ರಗಳನ್ನು ಗಟ್ಟಿ ಮಾಡಿ. ಉಳಿದ ಆಸ್ಪತ್ರೆಗಳಿಗೆ ಹಗಲು ರಾತ್ರಿ ಎತ್ತುವ ಒಂದು ಫೋನ್ ನಂಬರ್ ಕೊಡಿ, ರೋಗಿಯನ್ನು ಪಂಪ್ ಸಮೇತ ಕರೆತರುವ ತಂಡ ಕೊಡಿ. ಎಷ್ಟು ಜನರಿಗೆ ಹಾಕಿದೆವು, ಎಷ್ಟು ಜನ ಬದುಕಿದರು, ಎಷ್ಟು ಜನ ಕಾಲು ಕಳೆದುಕೊಂಡರು ಎಂಬ ಲೆಕ್ಕವನ್ನು ಪ್ರತಿ ಕೇಂದ್ರವೂ ಬಹಿರಂಗಪಡಿಸಲಿ.

ಹೃದಯ ಚೇತರಿಸಿಕೊಳ್ಳದಿದ್ದರೆ, ಕಸಿಗೂ ಶಾಶ್ವತ ಪಂಪಿಗೂ ಅವಕಾಶವಿಲ್ಲದಿದ್ದರೆ ಮುಂದೇನು ಎಂಬುದನ್ನು ಯಂತ್ರ ಹಾಕುವಾಗಲೇ ಮನೆಯವರಿಗೆ ಹೇಳುವ ನಿಯಮವೂ ಬೇಕು. ಈಗ ಆ ಮಾತು ಕೊನೆಗೆ ಬರುತ್ತದೆ, ಅದೂ ಹೆಚ್ಚಾಗಿ ನಮ್ಮ ಬಾಯಿಂದ.

ಖರೀದಿ ಕಡತದ ಜೊತೆಗೇ ನರ್ಸ್ ಮತ್ತು ಪರ್ಫ್ಯೂಷನಿಸ್ಟ್ (ಈ ಯಂತ್ರಗಳನ್ನು ನಡೆಸುವ ತಜ್ಞರು) ಹುದ್ದೆಗಳ ಕಡತವನ್ನೂ ತರಿಸಿಕೊಳ್ಳಿ. ಎರಡಕ್ಕೂ ಒಂದೇ ದಿನ ಸಹಿ ಹಾಕಿ.

ಇಂತಿ,
ಒಬ್ಬ ಐಸಿಯು ನರ್ಸ್