ರೋಮನ್ನರ ರಸ್ತೆ ನೋಡಿದ್ದಾಯ್ತು, ವಸೂಲಿಯನ್ನೂ ನೋಡೋಣ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ರೋಮನ್ನರ ಆಡಳಿತದ ಬಗ್ಗೆ ಬಂದ ಲೇಖನ ಓದಿದೆ. ರಸ್ತೆ, ನೀರಿನ ಕಾಲುವೆ, ಕಾನೂನು, ಶಾಂತಿ ಎಲ್ಲಾ ಬಂದಿದೆ. ಬರವಣಿಗೆಯೂ ಚೆನ್ನಾಗಿದೆ. ಆದರೆ ಗೆದ್ದ ನಾಡುಗಳಿಂದ ದುಡ್ಡು ಹೇಗೆ ಎತ್ತುತ್ತಿದ್ದರು ಅನ್ನುವುದಕ್ಕೆ ಸಿಕ್ಕಿದ್ದು ಒಂದೇ ಮಾತು: ತೆರಿಗೆ ಹಗುರವಾಗಿತ್ತು. ನಾನು ಗ್ರಾಮೀಣ ಶಾಖೆಗಳಲ್ಲಿ ಸಾಲದ ಫೈಲು ತಿರುವುತ್ತಲೇ ಸರ್ವಿಸ್ ಮುಗಿಸಿದವನು. ಆ ಮಾತನ್ನು ಸುಮ್ನೆ ದಾಟಿ ಹೋಗಲು ಆಗಲಿಲ್ಲ.

ಕಾಗದದ ಮೇಲೆ ಹಗುರವೇ, ಒಪ್ಪಿದೆ. ರೋಮ್‌ನ ಮೊದಲ ಪ್ರಾಂತ್ಯವಾದ ಸಿಸಿಲಿಯಲ್ಲಿ ರೈತ ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಕೊಡಬೇಕಿತ್ತು. ಅದೂ ಹಿಯೆರೋನ್ ಎಂಬ ಅಲ್ಲಿನ ಹಳೇ ರಾಜನ ನಿಯಮ, ರೋಮನ್ನರು ಹಾಗೇ ಮುಂದುವರಿಸಿದರು. ತೊಂದರೆ ಇದ್ದದ್ದು ವಸೂಲಿಯಲ್ಲಿ. ಅದನ್ನು ಹರಾಜು ಹಾಕುತ್ತಿದ್ದರು. ಕ್ರಿ.ಪೂ. 123ರಲ್ಲಿ ರೋಮ್‌ನ ರಾಜಕಾರಣಿ ಗಾಯಸ್ ಗ್ರಾಕಸ್ ತಂದ ಕಾನೂನಿನ ಪ್ರಕಾರ, ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ 'ಏಷ್ಯಾ' ಪ್ರಾಂತ್ಯದ ತೆರಿಗೆ ರೋಮ್ ನಗರದಲ್ಲೇ ಕುಳಿತು ಹರಾಜಾಗುತ್ತಿತ್ತು. ಗುತ್ತಿಗೆ ಹಿಡಿದವರು ಸರ್ಕಾರಕ್ಕೆ ಒಪ್ಪಿಕೊಂಡ ಮೊತ್ತ ಕಟ್ಟಿದರೆ ಆಯ್ತು. ಅದರ ಮೇಲೆ ಹಿಂಡಿದ್ದೆಲ್ಲಾ ಅವರದ್ದೇ. ತಡೆಯಬೇಕಾದವನು ಗವರ್ನರ್. ಅವನು ತಡೆದರೆ ಏನಾಗುತ್ತಿತ್ತು ಅಂದರೆ, ರುಟಿಲಿಯಸ್ ರೂಫಸ್ ಕಥೆ ನೋಡಿ. ಏಷ್ಯಾದ ಗವರ್ನರ್‌ಗೆ ಸಹಾಯಕನಾಗಿದ್ದು ಗುತ್ತಿಗೆದಾರರಿಗೆ ಅಡ್ಡ ನಿಂತವನು ಈತ. ಕ್ರಿ.ಪೂ. 92ರಲ್ಲಿ ಅವನ ಮೇಲೇ ಸುಲಿಗೆ ಕೇಸು ಬಿತ್ತು. ತೀರ್ಪು ಕೊಡಲು ಕುಳಿತವರು ಗುತ್ತಿಗೆದಾರರ ವರ್ಗದವರೇ, ಶಿಕ್ಷೆಯೂ ಆಯ್ತು. ಆಮೇಲೆ ಅವನು ಹೋಗಿ ನೆಲೆಸಿದ್ದೆಲ್ಲಿ? ತಾನು ದೋಚಿದನೆಂದು ಹೇಳಲಾದ ಅದೇ ಪ್ರಾಂತ್ಯದ ಸ್ಮಿರ್ನಾದಲ್ಲಿ. ಅಲ್ಲಿನ ಜನ ಅವನನ್ನು ಮರ್ಯಾದೆಯಿಂದ ಬರಮಾಡಿಕೊಂಡರು.

ಗವರ್ನರೇ ಕಳ್ಳನಾದರೆ ಸಿಸಿಲಿಯ ವೆರ್ರೆಸ್. ಕ್ರಿ.ಪೂ. 73ರಿಂದ 71ರವರೆಗೆ ಆಳಿದ. ಅವನ ಮೇಲೆ ಕೇಸು ನಡೆಸಿದ ಸಿಸೆರೊ ಕೊಟ್ಟ ಲೆಕ್ಕ ಹೀಗಿದೆ: ಅಗೈರಿಯಂ ಎಂಬ ಊರಿನಲ್ಲಿ ವೆರ್ರೆಸ್ ಬಂದ ವರ್ಷ 250 ರೈತರಿದ್ದರು, ಮೂರನೇ ವರ್ಷಕ್ಕೆ ಉಳಿದವರು 80. ಆರೋಪ ಹೊರಿಸುವ ವಕೀಲನ ಲೆಕ್ಕ, ಸ್ವಲ್ಪ ಉಪ್ಪು ಖಾರ ಇರಬಹುದು ಅನ್ನಿ. ಆದರೂ ಅವನ ಮೊದಲ ಸಾಕ್ಷಿಗಳನ್ನು ಕೇಳಿಯೇ ವೆರ್ರೆಸ್ ಊರು ಬಿಟ್ಟ. ಇಂದಿನ ಮಾರ್ಸೆಯಲ್ಲಿ ಹಾಯಾಗಿ ಬದುಕಿದ.

ನನಗೆ ಇದಕ್ಕಿಂತ ಜಾಸ್ತಿ ಕಾಡಿದ್ದು ಸೈಪ್ರಸ್‌ನ ಸಲಾಮಿಸ್ ಊರಿನ ಸಾಲ. ಅದೇ ಸಿಸೆರೊ ಕ್ರಿ.ಪೂ. 51ರಲ್ಲಿ ಈಗಿನ ಟರ್ಕಿಯ ದಕ್ಷಿಣದಲ್ಲಿದ್ದ ಕಿಲಿಕಿಯಾ ಪ್ರಾಂತ್ಯಕ್ಕೆ ಗವರ್ನರ್ ಆಗಿ ಬಂದ. ಸೈಪ್ರಸ್ ಕೂಡ ಅವನ ಕೈಕೆಳಗೇ ಇತ್ತು. ಸಲಾಮಿಸ್ ಊರು ಕೆಲವು ವರ್ಷ ಮುಂಚೆ ರೋಮ್‌ನವರಿಂದ ಸಾಲ ಎತ್ತಿತ್ತು. ಬಡ್ಡಿ ತಿಂಗಳಿಗೆ ನೂರಕ್ಕೆ ನಾಲ್ಕು, ಅಂದರೆ ವರ್ಷಕ್ಕೆ ಶೇ 48. ಹೊರಗಿನ ಊರಿನವರಿಗೆ ರೋಮ್‌ನಲ್ಲಿ ಸಾಲ ಕೊಡಬಾರದು ಅಂತ ಕಾನೂನೇ ಇತ್ತು. ಈ ಸಾಲಕ್ಕೋಸ್ಕರ ಸೆನೆಟ್‌ನಲ್ಲಿ ವಿನಾಯಿತಿಯ ನಿರ್ಣಯ ಮಾಡಿಸಿಕೊಂಡಿದ್ದರು. ವಸೂಲಿಗೆ ನಿಂತವನು ಸ್ಕಾಪ್ಟಿಯಸ್. ಹಿಂದಿನ ಗವರ್ನರ್ ಅವನಿಗೆ ಅಧಿಕಾರಿಯ ಪಟ್ಟ ಕೊಟ್ಟು ಕುದುರೆ ಸವಾರರನ್ನೂ ಕೊಟ್ಟಿದ್ದ. ಆ ಸವಾರರು ಊರಿನ ಹಿರಿಯರ ಸಭಾಭವನವನ್ನೇ ಮುತ್ತಿಗೆ ಹಾಕಿದರು. ಒಳಗಿದ್ದವರಲ್ಲಿ ಐದು ಜನ ಹಸಿವಿನಿಂದ ಸತ್ತರು. ಬಾಕಿದಾರರ ಮನೆ ಮುಂದೆ ಗಲಾಟೆ ಮಾಡುವ ಬಡ್ಡಿ ದಂಧೆಯವರನ್ನು ನಾನೂ ನೋಡಿದ್ದೇನೆ. ಸರ್ಕಾರವೇ ಅವರಿಗೆ ಅಶ್ವದಳ ಕೊಟ್ಟರೆ ಹೇಗಿರುತ್ತದೆ, ಊಹಿಸಿ.

ಸಿಸೆರೊ ಸವಾರರನ್ನು ವಾಪಸ್ ಕರೆಸಿದ. ಬಡ್ಡಿ ವರ್ಷಕ್ಕೆ ಶೇ 12 ಮೀರಬಾರದು ಅಂತ ತಾನೇ ಆಜ್ಞೆ ಹೊರಡಿಸಿದ್ದ. ಆ ಲೆಕ್ಕದಲ್ಲಿ ಬಾಕಿ 106 ತಲೆಂತು (ಆ ಕಾಲದಲ್ಲಿ ದೊಡ್ಡ ಮೊತ್ತ ಎಣಿಸುವ ಅಳತೆ), ಸ್ಕಾಪ್ಟಿಯಸ್ ಕೇಳಿದ್ದು 200. ಊರಿನವರು ದುಡ್ಡು ಹಿಡಿದು ಬಂದಿದ್ದರು. ಸ್ಕಾಪ್ಟಿಯಸ್ ತೆಗೆದುಕೊಳ್ಳಲಿಲ್ಲ. ಹಾಗಾದರೆ ದೇವಸ್ಥಾನದಲ್ಲಿ ಠೇವಣಿ ಇಡುತ್ತೇವೆ, ಬಡ್ಡಿ ನಿಲ್ಲಲಿ ಅಂದರು. ಎಂಥ ನ್ಯಾಯವಾದ ಮಾತು ಅಲ್ವಾ? ಸಿಸೆರೊ ಬೇಡ ಅಂದ. ಯಾಕೆಂದರೆ ಅಷ್ಟರಲ್ಲಿ ಗೊತ್ತಾಗಿತ್ತು, ದುಡ್ಡು ನಿಜಕ್ಕೂ ಬ್ರೂಟಸ್‌ನದು. ಹೌದು, ಮುಂದೆ ಸೀಸರನನ್ನು ಕೊಂದು ಸ್ವಾತಂತ್ರ್ಯದ ವೀರ ಅನ್ನಿಸಿಕೊಂಡ ಅದೇ ಬ್ರೂಟಸ್. ಸಿಸೆರೊ ತೀರ್ಪು ಕೊಡದೆ, ಕೇಸನ್ನು ಹಾಗೇ ಬಿಟ್ಟು ಹೋದ. ಇದನ್ನೆಲ್ಲಾ ಅವನೇ ಗೆಳೆಯ ಅಟಿಕಸ್‌ಗೆ ಬರೆದ ಪತ್ರಗಳಲ್ಲಿ ಹೇಳಿಕೊಂಡಿದ್ದಾನೆ. ಆ ಗೆಳೆಯನೂ ಕಮ್ಮಿ ಅಲ್ಲ, ಸ್ಕಾಪ್ಟಿಯಸ್‌ಗೆ 50 ಸವಾರರನ್ನು ಕೊಡು ಅಂತ ಶಿಫಾರಸು ಮಾಡಿದ್ದ. ಗುಲಾಮರ ದಂಗೆ ನಡೆಸಿದ ಸ್ಪಾರ್ಟಕಸ್ ಹತ್ತಿರ ಶುರುವಿನಲ್ಲಿ ಅಷ್ಟೂ ಜನ ಇರಲಿಲ್ಲ ಅಂತ ಸಿಸೆರೊ ಚುಚ್ಚಿ ಉತ್ತರ ಬರೆದ.

ಆ ಕಾಲದಲ್ಲಿ ಇವನು ಪ್ರಾಮಾಣಿಕ ಗವರ್ನರ್. ಇವನ ಕೈಯಲ್ಲೇ ಸಲಾಮಿಸ್‌ಗೆ ಸಿಕ್ಕಿದ್ದು ಇಷ್ಟು.

ಚಕ್ರವರ್ತಿಗಳ ಕಾಲದಲ್ಲಿ ಸುಧಾರಿಸಿತು, ಅದನ್ನೂ ಹೇಳಬೇಕು. ಗವರ್ನರ್‌ಗಳಿಗೆ ಸಂಬಳ ಬಂತು. ಏಷ್ಯಾದ ಹತ್ತನೇ ಒಂದು ಪಾಲಿನ ತೆರಿಗೆಯ ಹರಾಜನ್ನು ಸೀಸರನೇ ನಿಲ್ಲಿಸಿದ್ದ. ತೆರಿಗೆ ಏರಿಸಿ ಅಂದ ಗವರ್ನರ್‌ಗಳಿಗೆ ಚಕ್ರವರ್ತಿ ಟೈಬೀರಿಯಸ್, ಒಳ್ಳೇ ಕುರುಬ ಕುರಿಯ ಉಣ್ಣೆ ಕತ್ತರಿಸುತ್ತಾನೆ, ಚರ್ಮ ಸುಲಿಯುವುದಿಲ್ಲ ಅಂದನಂತೆ. ಒಳ್ಳೇ ಮಾತೇ. ಆದರೆ ಕುರಿ ಯಾರದ್ದು ಅನ್ನುವುದರಲ್ಲಿ ಅವನಿಗೆ ಅನುಮಾನ ಇರಲಿಲ್ಲ. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕಾರಕಲ್ಲ ಸಾಮ್ರಾಜ್ಯದ ಸ್ವತಂತ್ರ ಜನರಿಗೆಲ್ಲ ಪೌರತ್ವ ಕೊಟ್ಟದ್ದನ್ನು ಲೇಖಕರು ಬಹಳ ಹೊಗಳಿದ್ದಾರೆ. ಅದೇ ಕಾಲದ ಸೆನೆಟರ್ ಕಾಸಿಯಸ್ ದಿಯೋ ಬರೆದದ್ದು ಬೇರೆ: ಪೌರರಿಗೆ ಮಾತ್ರ ಇದ್ದ ತೆರಿಗೆಗಳು ಎಲ್ಲರ ಮೇಲೂ ಬೀಳಲಿ ಅಂತ ಈ ಉಪಾಯ. ಉತ್ತರಾಧಿಕಾರ ತೆರಿಗೆಯನ್ನು ಕಾರಕಲ್ಲ ಶೇ 5ರಿಂದ 10ಕ್ಕೆ ಏರಿಸಿದ್ದ ಕೂಡ.

ನಾನಿರುವುದು ಚಿತ್ರದುರ್ಗದಲ್ಲಿ. ಇಲ್ಲಿನ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಟೈಬೀರಿಯಸ್ ಕಾಲದ್ದೂ ಇದೆ. ನಮ್ಮ ಕಡೆಗೆ ಆ ಬೆಳ್ಳಿ ಬಂದದ್ದು ವ್ಯಾಪಾರದಿಂದ, ಅವರು ನಮ್ಮನ್ನು ಆಳಲಿಲ್ಲ. ಅದಕ್ಕೇ ಇರಬೇಕು, ರೋಮ್ ಅಂದರೆ ನಮಗೆ ಇಷ್ಟು ಸಲೀಸಾಗಿ ಪ್ರೀತಿ ಉಕ್ಕುತ್ತದೆ.

ಮುಂದಿನ ಕಂತು ಬ್ರಿಟನ್ ಬಗ್ಗೆ ಅಂತ ಸೂಚನೆ ಇದೆ. ರಾಣಿ ಬೌಡಿಕಾಳ ದಂಗೆ ಹೇಗೂ ಬರುತ್ತದೆ. ರೋಮನ್ನರು ಅವಳಿಗೆ ಚಾಟಿಯಲ್ಲಿ ಹೊಡೆದದ್ದು, ಅವಳ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದ್ದು ಎಲ್ಲರೂ ಬರೆಯುತ್ತಾರೆ. ಅದರ ಜೊತೆಗೆ ದಂಗೆಗೆ ಕಾರಣ ಅಂತ ದಿಯೋ ಹೇಳಿರುವ ಸಾಲದ ವಿಷಯಕ್ಕೂ ಲೇಖಕರು ಸ್ವಲ್ಪ ಜಾಗ ಕೊಡಲಿ. ಚಕ್ರವರ್ತಿ ಕ್ಲಾಡಿಯಸ್ ಅಲ್ಲಿನ ಮುಖಂಡರಿಗೆ ಕೊಟ್ಟಿದ್ದ ಹಣವನ್ನು ರೋಮನ್ ಅಧಿಕಾರಿ ವಾಪಸ್ ಕೇಳಿದ. ತತ್ವಜ್ಞಾನಿ ಸೆನೆಕಾ ಬ್ರಿಟನ್ನರಿಗೆ ಬೇಡ ಬೇಡ ಅಂದರೂ ಕೊಟ್ಟಿದ್ದ 4 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಸಾಲವನ್ನು ಒಟ್ಟಿಗೇ ಕಟ್ಟಿ ಅಂತ ಪಟ್ಟು ಹಿಡಿದ.

— ನಿವೃತ್ತ ಬ್ಯಾಂಕ್ ನೌಕರ, ಚಿತ್ರದುರ್ಗ