ಸ್ಕ್ಯಾನ್ ನಾರ್ಮಲ್ ಇದ್ದರೂ ಕಾಯಿಲೆ ಇರಬಹುದು

ಮಾನ್ಯರೇ,

ಮಿದುಳಿನ ಹೊರಪದರದ ಆಕಾರ ಅಳೆದು ಮನೋರೋಗಗಳನ್ನು ಅರಿಯುವ ಸಂಶೋಧನೆಯ ವರದಿ ಓದಿದೆ. ಎಂಆರ್‌ಐ ಸ್ಕ್ಯಾನ್ ಒಂದರಿಂದಲೇ ಒಬ್ಬರಿಗೆ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ಲಕ್ಷಣಗಳ ತೀವ್ರ ಮನೋರೋಗ) ಇದೆ ಎಂದು ಹೇಳಲು ಇನ್ನೂ ಆಗುವುದಿಲ್ಲ ಎಂಬ ಮಾತು ಅದರಲ್ಲಿ ಇರಬೇಕಿತ್ತು.

2018ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಮಿದುಳು ಅಧ್ಯಯನ ಕೂಟದ ಸಂಶೋಧಕರು 39 ಕೇಂದ್ರಗಳ 4,474 ಸ್ಕಿಜೋಫ್ರೇನಿಯಾ ರೋಗಿಗಳನ್ನು 5,098 ಆರೋಗ್ಯವಂತರೊಂದಿಗೆ ಹೋಲಿಸಿದರು. ರೋಗಿಗಳಲ್ಲಿ ಹೊರಪದರ ತೆಳುವಾಗಿತ್ತು, ನಿಜ. ಆದರೆ ಅದು ಸರಾಸರಿ ಲೆಕ್ಕ. ಆ ಪದರದ ದಪ್ಪವೇ ಎರಡರಿಂದ ನಾಲ್ಕು ಮಿಲಿಮೀಟರ್. ವ್ಯತ್ಯಾಸ ಅದರಲ್ಲೂ ಚೂರು. ಎಷ್ಟೋ ರೋಗಿಗಳ ಅಳತೆ ಆರೋಗ್ಯವಂತರ ಅಳತೆಯೊಳಗೇ ಬರುತ್ತದೆ. ವಯಸ್ಸು, ಔಷಧ, ಸ್ಕ್ಯಾನ್ ವೇಳೆ ತಲೆ ಅಲುಗುವುದು ಕೂಡ ಅಳತೆಯನ್ನು ಬದಲಿಸುತ್ತವೆ.

ಇದನ್ನು ಹೇಳದಿದ್ದರೆ ಮನೆಯವರು ಸ್ಕ್ಯಾನಿಗೆ ಸುಮ್ನೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ರಿಪೋರ್ಟ್ ನಾರ್ಮಲ್ ಬಂದರೆ ‘ಏನೂ ಇಲ್ವಲ್ಲ’ ಎಂದು ಮಾತ್ರೆಯನ್ನೇ ನಿಲ್ಲಿಸುವ ಅಪಾಯ ಇನ್ನೂ ಜಾಸ್ತಿ. (ಗೆಡ್ಡೆಯೇನಾದರೂ ಇದೆಯೇ ಎಂದು ನೋಡಲು ವೈದ್ಯರೇ ಸ್ಕ್ಯಾನ್ ಬರೆದರೆ ಅದು ಬೇರೆ ಮಾತು.)

ಇಂಥ ವರದಿಗಳ ಕೊನೆಗೆ, ರೋಗವನ್ನು ಗುರುತಿಸುವುದು ಮನೋವೈದ್ಯರು ಮಾತಾಡಿಸಿ, ಲಕ್ಷಣ ನೋಡಿಯೇ ಎಂಬ ಒಂದು ಸಾಲು ಸೇರಿಸಿ. ಜೊತೆಗೆ ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನೂ ಅಚ್ಚು ಹಾಕಿ.

– ಓದುಗ, ಧಾರವಾಡ