ಬಯಲಿನ ಕಣ್ಣಿಗೆ ಕಾಡು: ಸೋದರಸೊಸೆಗೊಂದು ಪತ್ರ

ಚಿ. ಸೌ. ಗಿರಿಜಾಳಿಗೆ ಖಾನಾಪುರದಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ದೀಪಾವಳಿ ಮುಗಿದ ಮೇಲೆ ಅಳಿಯಂದಿರನ್ನೂ ಮಕ್ಕಳನ್ನೂ ಕರೆದುಕೊಂಡು ಭೀಮಗಡದ ಕಾಡಿನಲ್ಲಿ ತಂಗಬೇಕು, ಅಲ್ಲಿಯೇ ಕುಳಿತು ಚಿತ್ರ ಬರೆಯಬೇಕು ಎಂಬ ನಿನ್ನ ವಿಚಾರ ತಿಳಿದು ಬಹಳ ಸಂತೋಷವಾಯಿತು. ಮಳೆಗಾಲದ ಜಿಗಣೆಗಳ ಕಾಟ ಅಷ್ಟರಲ್ಲಿ ತಗ್ಗಿರುತ್ತದೆ.

ನೀನು ವಿಜಯಪುರದ ಎರೆಬಯಲಿನಲ್ಲಿ ಬೆಳೆದವಳು. ಒಂದು ಅಡ್ಡಗೆರೆ ಎಳೆದರೆ ಸಾಕು, ಕೆಳಗೆ ಜೋಳದ ಹೊಲ, ಮೇಲೆ ಆಕಾಶ, ನಡುವೆ ಒಂದು ಬೇವಿನ ಮರ, ಎಲ್ಲವೂ ನಿನ್ನ ಕಾಗದದ ಮೇಲೆ ತಮ್ಮ ತಮ್ಮ ಜಾಗದಲ್ಲಿ ನಿಂತುಬಿಡುತ್ತವೆ. ಹಳೆಯ ಕಾಡಿನಲ್ಲಿ ಆ ಗೆರೆಯೇ ಸಿಗುವುದಿಲ್ಲ. ಮರದ ಹಿಂದೆ ಮರ, ಮರದ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಪಾಚಿ ಇರುವಲ್ಲಿ ಇಡೀ ನೋಟವನ್ನು ಮೊದಲ ದಿನವೇ ಹಿಡಿಯಲು ಹೋದರೆ ಕಾಗದದಲ್ಲಿ ಬರೀ ಹಸಿರು ಕಲೆ ಉಳಿಯುತ್ತದೆ. ಆದ್ದರಿಂದ ದೂರದ ನೋಟವನ್ನು ಹುಡುಕದೆ ಒಂದೇ ಮರದ ಎದುರು ಕುಳಿತುಕೋ.

ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಒಡೆದಿರುತ್ತದೆ. ನಂದಿ ಮರದ ಕಾಂಡವೋ ಸಿಪ್ಪೆ ಕಳಚಿಕೊಂಡು ನುಣುಪಾಗಿ, ಬೆಳ್ಳಗೆ ನಿಂತಿರುತ್ತದೆ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯವು ಕೊಂಬೆಗಳಿಗೆ ಚಕ್ಕೆಚಕ್ಕೆಯಾಗಿ ಅಂಟಿರುತ್ತವೆ. ಮುಂಜಾನೆ ಇಬ್ಬನಿಯಲ್ಲಿ ನೆನೆದಾಗ ಅವು ಹಸಿರೇರಿ, ಬಿಸಿಲು ಬಲಿತಂತೆ ಒಣಗಿ ಬೂದುಬಣ್ಣಕ್ಕೆ ತಿರುಗುವುದರಿಂದ, ಬೆಳಿಗ್ಗೆ ನೀನು ಕಲಸಿದ ಬಣ್ಣ ಮಧ್ಯಾಹ್ನ ಅದೇ ಕೊಂಬೆಗೆ ಹೊಂದುವುದಿಲ್ಲ. ಹಗಲು ಬಂದು ಸಂಜೆ ಮರಳುವವರಿಗೆ ಇದು ಕಾಣುವುದಿಲ್ಲ. ಕಾಡಿನಲ್ಲಿ ತಂಗುವುದರ ನಿಜವಾದ ಪ್ರಯೋಜನ ಇದೇ ಎಂದು ನಾನು ನಂಬಿದ್ದೇನೆ. ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಮನೆಯಲ್ಲಿ ನೋಡಿ ಬರೆಯುವ ವಿಚಾರವಿದ್ದರೆ ದಯವಿಟ್ಟು ಬಿಟ್ಟುಬಿಡು.

ಬಯಲಿನವರಿಗೆ ಮರ ಒಲಿಯುವುದಿಲ್ಲ ಎಂದು ಅಳುಕಬೇಡ. ಬಾದಾಮಿಯ ಮೂರನೆಯ ಗುಹೆಯಲ್ಲಿ, ಕ್ರಿ.ಶ. 578ರ ಶಾಸನವಿರುವಲ್ಲಿ, ಕಂಬಗಳ ಮೇಲ್ಭಾಗದಲ್ಲಿ ಮರದಡಿ ನಿಂತ ಜೋಡಿಗಳನ್ನು ನೋಡಿದ್ದೀಯಲ್ಲ? ಬರುವ ದಾರಿಯಲ್ಲಿ ಇನ್ನೊಮ್ಮೆ ನಿಂತು, ಈ ಸಲ ಜೋಡಿಗಳನ್ನು ಬಿಟ್ಟು ಮೇಲಿನ ಎಲೆಗಳನ್ನೇ ನೋಡು. ಶಿಲ್ಪಿ ಕಾಡನ್ನೆಲ್ಲ ಕೆತ್ತಲು ಹೋಗದೆ, ಒಂದು ಗೊಂಚಲಿನಲ್ಲಿ ಮರವನ್ನು ಮುಗಿಸಿದ್ದಾನೆ.

ಮಕ್ಕಳಿಗೆ ತೆಳು ಕಾಗದವನ್ನೂ ಮೇಣದ ಬಣ್ಣಗಳನ್ನೂ ಕೊಡು. ತೊಗಟೆಯ ಮೇಲೆ ಕಾಗದವಿಟ್ಟು ಉಜ್ಜಿದರೆ ಅದರ ಅಚ್ಚು ತಾನಾಗಿ ಮೂಡುತ್ತದೆ. ಅವರು ಬರೆದದ್ದನ್ನು ತಿದ್ದಬೇಡ. ರಾತ್ರಿ ಬಿಡಾರದಲ್ಲಿ ದೀಪ ಆರಿಸಿ ಅರ್ಧ ಗಂಟೆ ಎಲ್ಲರೂ ಕುಳಿತುಕೊಳ್ಳಿರಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಪ್ಪಿನಲ್ಲಿಯೂ ಎಷ್ಟು ಬಗೆಗಳಿವೆ ಎಂಬುದು ಮಕ್ಕಳಿಗೂ ತಿಳಿಯುತ್ತದೆ.

ಭೀಮಗಡವು 2011ರಲ್ಲಿ ವನ್ಯಜೀವಿಧಾಮವಾಗಿದೆ. ಕರಡಿ, ಹುಲಿಗಳಿರುವ ಕಾಡು. ಅರಣ್ಯ ಇಲಾಖೆಯ ಅನುಮತಿ ಇರುವ ಶಿಬಿರದಲ್ಲಿಯೇ ಇಳಿದುಕೊಳ್ಳಬೇಕು, ಕತ್ತಲಾದ ಮೇಲೆ ಆವರಣ ದಾಟಬಾರದು. ಬಾರಾಪೇಡೆ ಗುಹೆಗಳನ್ನು ನೋಡುವ ಆಸೆಯನ್ನು ಅಳಿಯಂದಿರು ಬಿಡಲಿ. ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಇರುವ ಬಾವಲಿಗಳು ಅಲ್ಲಿ ವಾಸವಾಗಿವೆ, ಅವುಗಳಿಗೆ ನಮ್ಮಿಂದ ತೊಂದರೆಯಾಗಬಾರದು.

ನಿಮ್ಮ ತಾರೀಖು ಗೊತ್ತಾದ ಕೂಡಲೇ ತಿಳಿಸು. ಅನುಮತಿಯ ವಿಷಯವನ್ನು ನಾನು ಇಲ್ಲಿಯೇ ವಿಚಾರಿಸಿಡುತ್ತೇನೆ.

ಇತಿ,
ನಿನ್ನ ಮಾಮಾ